ಶನಿವಾರ ನಾಲ್ಕು ಗಂಟೆಗೆ: ಗೋವಾದ ಕನ್ನಡ ಮಕ್ಕಳಿಗೆ ಮೆಂಟರ್ ಆಗುವ ಬಗೆ

ಪ್ರತಿ ಡಿಸೆಂಬರ್‌ನಲ್ಲಿ ನಮ್ಮ ಮಕ್ಕಳ ಕೇಂದ್ರಕ್ಕೆ ಕೇಕ್ ಬರುತ್ತವೆ. ಒಂದು ವರ್ಷ ಒಂದೇ ವಾರದಲ್ಲಿ ಒಂಬತ್ತು ಕೇಕ್ ಬಂದಿದ್ದವು. ಬೇರೆ ಬೇರೆ ಚರ್ಚ್ ಸಭೆಯವರು, ಯೂತ್ ಗ್ರೂಪಿನವರು, ಆಫೀಸಿನವರು. ಹಾಡು, ಕೆಂಪು ಟೊಪ್ಪಿಗೆ, ಗ್ರೂಪ್ ಫೋಟೊ. ಐದನೇ ಕೇಕ್ ಬರುವ ಹೊತ್ತಿಗೆ ಮಕ್ಕಳು ಬರೀ ಕ್ರೀಮ್ ನೆಕ್ಕಿ ತಟ್ಟೆ ಬಿಟ್ಟು ಎದ್ದರು. ಜೂನ್ ಬಂದರೆ ಕಥೆಯೇ ಬೇರೆ. ಮಳೆ ಹಿಡಿದು ಕಟ್ಟಡದ ಕೆಲಸ ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್‌ಗಳೂ ದಡದಲ್ಲೇ ಇರುತ್ತವೆ. ಅಪ್ಪಂದಿರು ಕೂಲಿ ಇಲ್ಲದೆ ಮನೆಯಲ್ಲಿ ಕೂತು ಕುಡಿಯುತ್ತಾರೆ. ಮಕ್ಕಳಿಗೆ ದೊಡ್ಡವರೊಬ್ಬರು ನಿಜವಾಗಿ ಬೇಕಾಗುವುದು ಆಗ. ಆಗ ಕರೆದರೆ ಇಬ್ಬರು ಸಿಗುವುದೂ ಕಷ್ಟ.

ಈ ಲೇಖನ ಜೂನ್‌ನಲ್ಲೂ ಬರುವವರಿಗೆ, ಅಂದರೆ ಒಂದು ಮಗುವಿನ ಜೊತೆ ವಾರ ವಾರ ಕೂತು ಒಡನಾಡುವ ಮೆಂಟರ್ ಆಗುವವರಿಗೆ.

ನಾನು ಬೆಟಗೇರಿಯವಳು. ಬಾಸೆಲ್ ಮಿಶನ್ ಸಭೆಯಲ್ಲಿ ಬೆಳೆದವಳು. ಮದುವೆಯಾಗಿ ವಾಸ್ಕೋಗೆ ಬಂದಾಗ ಇಲ್ಲಿ ನನ್ನ ಕನ್ನಡ ಯಾರಿಗೆ ಬೇಕು ಅನ್ನಿಸಿತ್ತು. ಚರ್ಚಿನಲ್ಲಿ ಕೊಂಕಣಿ, ಇಲ್ಲವೇ ಇಂಗ್ಲಿಷ್. ಅಂಗಡಿಯಲ್ಲಿ ಹಿಂದಿ. ಆಮೇಲೆ ಒಂದು ಸಂಜೆ ಜುವಾರಿನಗರದ ಕಡೆ ಹೋದೆ. ಬೀದಿ ತುಂಬ ಕೊಪ್ಪಳ, ಗದಗ, ಬಾಗಲಕೋಟೆ, ವಿಜಯಪುರದ ಮಾತು. ನಳದ ಹತ್ತಿರ ಜಗಳ ಕೂಡ ನಮ್ಮ ಊರಿನ ಥರವೇ! ಬೈನಾದಲ್ಲಿ, ಮಡಗಾಂವದ ಮೋತಿ ಡೊಂಗರದಲ್ಲಿ, ಪಣಜಿ ಹತ್ತಿರದ ಚಿಂಬೆಲ್‌ನಲ್ಲಿ ಹೋದರೂ ಹೀಗೇ. ಕಲಂಗುಟ್, ಅಂಜುನಾ ಬೀಚಿನಲ್ಲಿ ಮಣಿಸರ ಮಾರುವ ಲಂಬಾಣಿ ಹೆಂಗಸರ ಹಿಂದೆ ಓಡಾಡುವ ಮಕ್ಕಳೂ ಹೆಚ್ಚಾಗಿ ನಮ್ಮ ಕಡೆಯವೇ. ಇಲ್ಲಿನ ಸಂಸ್ಥೆಗಳಲ್ಲಿ ಒಳ್ಳೆ ಮನಸ್ಸಿನವರು ಬೇಕಾದಷ್ಟು ಇದ್ದಾರೆ. ಈ ಮಕ್ಕಳ ಅವ್ವನ ಜೊತೆ ನೇರವಾಗಿ ಮಾತಾಡಬಲ್ಲವರು ಕಡಿಮೆ. ನಿಮಗೆ ಕನ್ನಡ ಬರುತ್ತದೆ, ವಾರಕ್ಕೆ ಎರಡು ಗಂಟೆ ಇದೆ ಅಂದರೆ ಅರ್ಧ ಅರ್ಹತೆ ಬಂದಂತೆ.

ಮಕ್ಕಳು ಯಾರು?

ಸಂಸ್ಥೆಯವರು ಇವರನ್ನು ಅಪಾಯದ ಅಂಚಿನಲ್ಲಿರುವ ಮಕ್ಕಳು ಅನ್ನುತ್ತಾರೆ. ಕೇಳಲು ದೊಡ್ಡ ಮಾತು. ನೋಡಿದರೆ ಸಾಮಾನ್ಯ ಮಕ್ಕಳೇ. ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳುವ ಹುಡುಗಿ. ಬೀಚ್ ಸೀಜನ್ನಿನಲ್ಲಿ, ಅಂದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಕ್ಲಾಸಿಗೆ ಕಾಣದೆ ಹೋಗುವ ಹುಡುಗ. ಅಪ್ಪ ಜೈಲಿನಲ್ಲಿರುವವನು. ಊರಿನ ಜಾತ್ರೆಗೆ ಅಂತ ಕರೆದುಕೊಂಡು ಹೋಗಿ ಅಲ್ಲೇ ಮದುವೆ ಮಾಡಿಬಿಡಬಹುದಾದ ಹದಿನಾಲ್ಕರ ಹುಡುಗಿ. ಇವರಲ್ಲಿ ಜಾಸ್ತಿ ಜನರಿಗೆ ಅಪ್ಪ ಅವ್ವ ಇದ್ದಾರೆ, ಪ್ರೀತಿಯೂ ಇದೆ. ಇಲ್ಲದ್ದು ಬಿಡುವು. ಅವರನ್ನು ಅನಾಥರಂತೆ ನೋಡಲು ಹೋಗಬೇಡಿ, ಅವ್ವಂದಿರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ದೇವರ ಕರೆ ಬಂದಿದೆಯೋ ಇಲ್ಲವೋ ಅಂತ ಪ್ರಾರ್ಥನೆ ಮಾಡುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಮುಂದಿನ ಹನ್ನೆರಡು ತಿಂಗಳಲ್ಲಿ ವಾರಕ್ಕೆ ಒಂದೇ ದಿನ, ಒಂದೇ ಹೊತ್ತು, ಎರಡು ಗಂಟೆ ಕೊಡಬಲ್ಲಿರಾ? ಮಗಳ ಪರೀಕ್ಷೆ, ಊರಿಗೆ ಹೋಗುವ ದಿನ, ಆಫೀಸಿನ ಮಾರ್ಚ್ ಎಂಡಿಂಗ್ ಎಲ್ಲ ಗುರುತು ಹಾಕಿ. ನಲವತ್ತು ವಾರ ಸಿಕ್ಕರೆ ಮುಂದುವರಿಯಿರಿ. ಇಪ್ಪತ್ತೈದು ಸಿಕ್ಕರೆ ಮೆಂಟರ್ ಆಗಬೇಡಿ. ಕೇಂದ್ರಕ್ಕೆ ಲೆಕ್ಕ ಬರೆದುಕೊಡಿ, ಕಣ್ಣಿನ ತಪಾಸಣೆ ಕ್ಯಾಂಪಿಗೆ ಗಾಡಿ ಕೊಡಿ. ಅದೂ ದೊಡ್ಡ ಕೆಲಸವೇ.

ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ, ಈ ಮಕ್ಕಳ ಬದುಕಿನಲ್ಲಿ ಬರುತ್ತೇನೆ ಅಂದು ಬಾರದವರು ಈಗಾಗಲೇ ಬೇಕಾದಷ್ಟು ಇದ್ದಾರೆ. ನೀವು ಇನ್ನೊಬ್ಬರಾಗುವುದಾದರೆ ಹೋಗದಿರುವುದೇ ಲೇಸು.

ಒಬ್ಬರೇ ಶುರು ಮಾಡಬೇಡಿ

ನಮ್ಮ ಸಭೆಗಳಲ್ಲಿ ಇದೊಂದು ಚಟ. ನಾಲ್ಕು ಜನ ಉತ್ಸಾಹದಿಂದ ಓಣಿಗೆ ಹೋಗಿ, ಮರದ ಕೆಳಗೆ ಮಕ್ಕಳನ್ನು ಕೂಡಿಸಿ, ಬಿಸ್ಕಿಟ್ ಕೊಟ್ಟು ಹಾಡು ಕಲಿಸುವುದು. ಮೂರು ತಿಂಗಳಿಗೆ ಉತ್ಸಾಹ ಇಳಿಯುತ್ತದೆ. ಆ ಮೂರು ತಿಂಗಳಲ್ಲಿ ಒಂದು ಮಗು ಏನಾದರೂ ಹೇಳಿಕೊಂಡರೆ ಎಲ್ಲಿಗೆ ಹೋಗಬೇಕು ಅಂತ ನಾಲ್ವರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ.

ಈಗಾಗಲೇ ಕೆಲಸ ಮಾಡುತ್ತಿರುವ ಸಂಸ್ಥೆ ಸೇರಿ. ಗೋವಾದಲ್ಲಿ ಕ್ಯಾಥೊಲಿಕ್ ಧರ್ಮಪ್ರಾಂತದ ಸೇವಾ ಸಂಸ್ಥೆ ಕಾರಿತಾಸ್ ಇದೆ, ಮಡಗಾಂವದಲ್ಲಿ ವಲಸೆ ಮಕ್ಕಳ ನಡುವೆ ಕೆಲಸ ಮಾಡಿದ ಜನ ಉಗಾಹಿ ಇದೆ. ಕ್ರೈಸ್ತ ಸಂಸ್ಥೆಯೇ ಆಗಬೇಕೆಂದಿಲ್ಲ. ನಾನು ಹೋಗುವ ಕೇಂದ್ರದ ಮುಖ್ಯಸ್ಥೆ ಹಿಂದೂ. ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಅವರಷ್ಟು ಖಡಕ್ ಮನುಷ್ಯರನ್ನು ನಾನು ನಮ್ಮ ಸಭೆಯಲ್ಲೂ ನೋಡಿಲ್ಲ.

ಸೇರುವ ಮೊದಲು ಕೇಳಬೇಕಾದ್ದು ಇಷ್ಟು. ಮಕ್ಕಳು ರಾತ್ರಿಯೂ ಅಲ್ಲೇ ಇರುತ್ತಾರಾ? ಇದ್ದರೆ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ನೋಂದಣಿ ಆಗಿರಲೇಬೇಕು, ಪ್ರಮಾಣಪತ್ರ ತೋರಿಸಿ ಅನ್ನಿ. ಮಕ್ಕಳ ಸುರಕ್ಷತೆಗೆ ಬರೆದಿಟ್ಟ ನಿಯಮ ಇದೆಯಾ? ದೂರು ಬಂದರೆ ಯಾರು ನೋಡುತ್ತಾರೆ, ಅವರ ಹೆಸರು ಮಕ್ಕಳಿಗೆ ಗೊತ್ತಿದೆಯಾ? ಕೊನೆಯ ಪ್ರಶ್ನೆ ಮುಖ್ಯ. ನಿಯಮದ ಪುಸ್ತಕ ಬೀರುವಿನಲ್ಲಿ ಇರುವುದು ಬೇರೆ, ಎಂಟು ವರ್ಷದ ಹುಡುಗಿ ಬೆರಳು ತೋರಿಸಿ 'ಆ ಅಕ್ಕಾರಿಗೆ ಹೇಳಬೇಕ್ರಿ' ಅನ್ನುವುದು ಬೇರೆ.

ಇನ್ನೊಂದು ಗುಟ್ಟು ಹೇಳುತ್ತೇನೆ. ಫೋನ್ ಮಾಡಿದ ಕೂಡಲೇ 'ನಾಳೆಯಿಂದಲೇ ಬನ್ನಿ' ಅಂದ ಕಡೆಗೆ ಹೋಗಬೇಡಿ. ನಿಮ್ಮನ್ನು ಇಷ್ಟು ಸುಲಭವಾಗಿ ಒಳಗೆ ಬಿಟ್ಟವರು ಬೇರೆಯವರನ್ನೂ ಹಾಗೇ ಬಿಡುತ್ತಾರೆ.

ಕಾಗದಪತ್ರ

ಅರ್ಜಿ, ಆಧಾರ್ ನಕಲು, ಎರಡು ಫೋಟೊ, ಪೊಲೀಸ್ ವೆರಿಫಿಕೇಶನ್, ನಿಮ್ಮನ್ನು ಬಲ್ಲ ಇಬ್ಬರ ಪತ್ರ. ಒಂದು ಪತ್ರ ಸಭಾಪಾಲಕರದ್ದು, ಅಂದರೆ ಪಾಸ್ಟರರದ್ದು, ಇರಲಿ, ಇನ್ನೊಂದು ಆಫೀಸು ಅಥವಾ ನೆರೆಹೊರೆಯವರದ್ದು. ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ ಪೋಕ್ಸೋ ಕಾಯ್ದೆಯ 2020ರ ನಿಯಮಗಳು ಮಕ್ಕಳ ಜೊತೆ ಒಡನಾಡುವ ಸಿಬ್ಬಂದಿಯ ಹಿನ್ನೆಲೆ ಪರಿಶೀಲಿಸಬೇಕು ಅನ್ನುತ್ತವೆ. ಒಳ್ಳೆ ಸಂಸ್ಥೆಗಳು ಸ್ವಯಂಸೇವಕರಿಗೂ ಅದನ್ನೇ ಮಾಡುತ್ತವೆ. 'ನಾವು ವಿಶ್ವಾಸಿಗಳು, ನಮ್ಮನ್ನೇ ಅನುಮಾನಿಸುತ್ತಾರಾ' ಅಂತ ನಮ್ಮ ಸಭೆಯ ಹಿರಿಯರೊಬ್ಬರು ಬೇಜಾರು ಮಾಡಿಕೊಂಡಿದ್ದರು. ನಾನು ಬೈಬಲಿನ ಮತ್ತಾಯ 18ರ ಬೀಸುವ ಕಲ್ಲನ್ನು ನೆನಪಿಸಿದೆ. ಸಣ್ಣವರನ್ನು ಎಡವಿಸುವವನ ಕೊರಳಿಗೆ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವ ಮಾತಿನ ಮುಂದೆ ಪೊಲೀಸ್ ಸ್ಟೇಷನ್ನಿನ ಒಂದು ಸೀಲು ಏನು ಮಹಾ? ನಕ್ಕು ಹೋಗಿ ಮಾಡಿಸಿಕೊಂಡು ಬಂದರು.

ಮೊದಲ ಮೂರು ತಿಂಗಳು: ಸುಮ್ನೆ ಕೂರುವುದು

ನನಗೆ ಕೊಟ್ಟ ಮೊದಲ ಹುಡುಗನಿಗೆ ಹತ್ತು ವರ್ಷ. ಇಲ್ಲಿ ಅವನನ್ನು ಮುತ್ತು ಅಂತ ಕರೆಯೋಣ. ನಿಜವಾದ ಹೆಸರು ಬರೆಯುವ ಹಾಗಿಲ್ಲ. ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ ಬಹಿರಂಗವಾದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಇದೆ. ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ 'ಇಂಥ ಹುಡುಗನಿಗಾಗಿ ಪ್ರಾರ್ಥಿಸಿ' ಅಂತ ಹೆಸರು, ಫೋಟೊ ಹಾಕುವವರು ಇದನ್ನು ಎರಡು ಸಲ ಓದಿಕೊಳ್ಳಿ. ಹೆಸರು ಹೇಳದಿದ್ದರೂ ದೇವರಿಗೆ ಗೊತ್ತಾಗುತ್ತದೆ.

ಮುತ್ತು ಮೊದಲ ನಾಲ್ಕು ಶನಿವಾರ ನನ್ನ ಮುಖ ನೋಡಲಿಲ್ಲ. ನಾನು ಕೇಳಿದ್ದಕ್ಕೆ 'ಹೂಂ', 'ಊಹೂಂ'. ನಾನು ಕಥೆಪುಸ್ತಕ ತಂದೆ, ಬಣ್ಣದ ಪೆನ್ಸಿಲ್ ತಂದೆ. ಮುಟ್ಟಲಿಲ್ಲ. ಐದನೇ ವಾರ ನಾನೇ ಸೋತು, ಊರಿಗೆ ಹೋಗುವ ರೈಲಿನ ವಿಷಯ ತೆಗೆದೆ. 'ಮಡಗಾಂವ ಆದ ಮ್ಯಾಲ ಯಾವ ಸ್ಟೇಷನ್ನೋ, ನನಗ ಮರತೇ ಹೋಗೇದ' ಅಂದೆ. ಆಗ ತಲೆ ಎತ್ತಿದ. ಕುಳೆಂ, ದೂಧಸಾಗರ, ಕ್ಯಾಸಲ್‌ರಾಕ್, ಲೋಂಡಾ, ಅಳ್ನಾವರ, ಧಾರವಾಡ, ಹುಬ್ಬಳ್ಳಿ, ಗದಗ, ಕೊಪ್ಪಳ. ಒಂದೇ ಉಸಿರಿಗೆ ಹೇಳಿದ.

'ಅಕ್ಕೋರ, ಕ್ಯಾಸಲ್‌ರಾಕಿನಿಂದ ಬೋರ್ಡಿನ್ಯಾಗ ನಮ್ಮ ಅಕ್ಷರ ಬರ್ತಾವ್ರಿ. ಆದ್ರ ನನಗ ಓದಾಕ ಬರಂಗಿಲ್ಲ.'

ಅಲ್ಲಿಂದ ನಮ್ಮ ಪಾಠ ಶುರುವಾಯಿತು. ಒಂದು ಶನಿವಾರಕ್ಕೆ ಒಂದು ಸ್ಟೇಷನ್. ಹಳದಿ ಕಾಗದ ಕತ್ತರಿಸಿ, ಕಪ್ಪು ಸ್ಕೆಚ್ ಪೆನ್ನಿನಲ್ಲಿ ಬೋರ್ಡಿನ ಹಾಗೇ ಬರೆಯುವುದು. ಲೋಂಡಾದ 'ಲೋ' ಬರೆಯಲು ಎರಡು ವಾರ ಹಿಡಿಯಿತು. ದೀರ್ಘ ಹಾಕುವುದನ್ನು ಮರೆಯುತ್ತಿದ್ದ, ಮರೆತಾಗೆಲ್ಲ ತಾನೇ ತಲೆಗೆ ಮೊಟಕಿಕೊಳ್ಳುತ್ತಿದ್ದ. ಕೊಪ್ಪಳ ತಲುಪುವ ಹೊತ್ತಿಗೆ ಮಳೆಗಾಲ ಮುಗಿದಿತ್ತು.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, ಮೆಂಟರ್ ತರಬೇತಿಯಲ್ಲಿ 'ವಿಶ್ವಾಸ ಬೆಳೆಸಿಕೊಳ್ಳಿ' ಅನ್ನುತ್ತಾರೆ, ಹೇಗೆ ಅಂತ ಹೇಳುವುದಿಲ್ಲ. ಮಗುವಿಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಹುಡುಕಿ. ಅವರು ಕಲಿಸಲಿ, ನೀವು ಕಲಿಯಿರಿ. ಬೀಚಿನಲ್ಲಿ ಮಣಿಸರ ಮಾರುವ ಹುಡುಗಿ ರಷ್ಯನ್ ಭಾಷೆಯಲ್ಲಿ ಹತ್ತರವರೆಗೆ ಎಣಿಸುತ್ತಾಳೆ. ಅದು ಗಣಿತವೇ ಅಲ್ವಾ? ಅವಳಿಂದ ಎಣಿಸಲು ಕಲಿಯಿರಿ.

ಶಾಲೆಯ ಗೋಜಲು

ಇದು ಕನ್ನಡ ಮೆಂಟರ್ ಹೆಚ್ಚು ಕೆಲಸಕ್ಕೆ ಬರುವ ಜಾಗ. ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಾಗಿ ಮರಾಠಿ ಅಥವಾ ಕೊಂಕಣಿ ಮಾಧ್ಯಮ. ಕನ್ನಡ ಶಾಲೆ ಬೆರಳೆಣಿಕೆಯಷ್ಟು. ಸಾಮಾನ್ಯವಾಗಿ ನಾಲ್ಕನೇ ಕ್ಲಾಸ್ ದಾಟಿ ಐದಕ್ಕೆ ಬಂದರೆ ಒಮ್ಮೆಲೇ ಇಂಗ್ಲಿಷ್. ಹಾಗಾಗಿ ಮನೆಯಲ್ಲಿ ಕನ್ನಡ ಇಲ್ಲವೇ ಲಂಬಾಣಿ, ಬೀದಿಯಲ್ಲಿ ಹಿಂದಿ, ಕ್ಲಾಸಿನಲ್ಲಿ ಮರಾಠಿ, ಮರುವರ್ಷ ಇಂಗ್ಲಿಷ್. ಐದು, ಆರನೇ ಕ್ಲಾಸಿನಲ್ಲಿ ಮಕ್ಕಳು ಜಾರಿಹೋಗುವುದನ್ನು ನಾನು ವರ್ಷ ವರ್ಷ ನೋಡಿದ್ದೇನೆ. ಬುದ್ಧಿ ಕಡಿಮೆಯಾಗಿ ಅಲ್ಲ. ಟೀಚರ್ 'ಫ್ರ್ಯಾಕ್ಷನ್' ಅಂದಾಗ ಅದು ಅರ್ಧ ರೊಟ್ಟಿ, ಕಾಲು ರೊಟ್ಟಿಯ ಲೆಕ್ಕ ಅಂತ ಯಾರೂ ಅವರ ಭಾಷೆಯಲ್ಲಿ ಹೇಳಲಿಲ್ಲ, ಅಷ್ಟೇ. ನಿಮ್ಮ ಎರಡು ಗಂಟೆಯಲ್ಲಿ ಅರ್ಧ ಗಂಟೆ ಇದಕ್ಕೆ ಇಡಿ. ಟ್ಯೂಷನ್ ಮಾಡಬೇಡಿ. ಆ ವಾರ ಅರ್ಥವಾಗದ ಒಂದೇ ಸಂಗತಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿ.

ಇನ್ನೊಂದು ತೊಡಕು, ಅಡ್ಮಿಶನ್. ಊರಿನ ಶಾಲೆಯ ಟಿಸಿ ತಂದಿಲ್ಲ, ಜನನ ಪ್ರಮಾಣಪತ್ರ ಇಲ್ಲ ಅಂತ ಮಗುವನ್ನು ಮನೆಗೆ ಕಳಿಸಿರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವಂತಿಲ್ಲ. ಟಿಸಿ ತಡವಾಯಿತು ಅಂತಲೂ ನಿರಾಕರಿಸುವಂತಿಲ್ಲ. ಶಾಲೆ ಬಿಟ್ಟಿದ್ದ ಮಗುವನ್ನು ಅದರ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿ, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಆರರಿಂದ ಹದಿನಾಲ್ಕು ವರ್ಷದವರಿಗೆ ಇದು ಹಕ್ಕು. ಹೆಡ್‌ಮಾಸ್ತರ ಮುಂದೆ ಜಗಳಕ್ಕೆ ನಿಲ್ಲಬೇಡಿ. ಸಂಸ್ಥೆಯ ಕೋಆರ್ಡಿನೇಟರ್ ಜೊತೆ ಹೋಗಿ, ಅವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಮಾತು ಕನ್ನಡದಿಂದ ಹಿಂದಿಗೆ, ಹಿಂದಿಯಿಂದ ಕನ್ನಡಕ್ಕೆ ದಾಟಿಸಿ. ಅವ್ವ ಅಲ್ಲಿಯವರೆಗೆ ಗೇಟಿನ ಹೊರಗೇ ನಿಂತು ಬಂದಿರುತ್ತಾಳೆ. ಹೆಡ್‌ಮಾಸ್ತರು ಅವಳಿಗೆ 'ಕೂತ್ಕೊಳ್ಳಿ' ಅಂತ ಕುರ್ಚಿ ತೋರಿಸಿದ ದಿನ ಅವಳು ಮನೆಗೆ ನಡೆದುಕೊಂಡು ಹೋಗುವ ರೀತಿ ನೋಡಬೇಕು ನೀವು.

ದುಡ್ಡಿನ ಕಷ್ಟ ಕಂಡರೆ ಪರ್ಸ್ ತೆಗೆಯಬೇಡಿ. ಗಂಡ ತೀರಿಕೊಂಡ ಅಥವಾ ಬಿಟ್ಟುಹೋದ ತಾಯಿ, ಅಜ್ಜಿಯ ಜೊತೆ ಇರುವ ಅನಾಥ ಮಗು, ಇಂಥವರಿಗೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ತಿಂಗಳಿಗೆ 4000 ರೂಪಾಯಿ ನೆರವು ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಅರ್ಜಿ. ಎಲ್ಲರಿಗೂ ಸಿಗುವುದಿಲ್ಲ, ಓಡಾಟ ಇದೆ. ಅರ್ಜಿ ತುಂಬಿಸಿಕೊಡುವುದು ನಿಮ್ಮ ನೂರು ರೂಪಾಯಿಗಿಂತ ದೊಡ್ಡ ಸಹಾಯ.

ನಂಬಿಕೆಯ ಮಾತು

ಕ್ರೈಸ್ತ ಮೆಂಟರ್ ಅಂದ ಮೇಲೆ ಇದನ್ನು ಬಿಟ್ಟು ಹೋಗುವಂತಿಲ್ಲ. ನಮ್ಮವರಿಗೆ ಇರಿಸುಮುರಿಸು ಆದರೂ ಹೇಳುತ್ತೇನೆ.

ಮೂರನೇ ತಿಂಗಳು ಮುತ್ತುವಿನ ಅವ್ವ ಕೇಂದ್ರದ ಬಾಗಿಲಿಗೆ ಬಂದಳು. ಕೈಯಲ್ಲಿ ಸಿಮೆಂಟಿನ ಬಿಳಿ ಇನ್ನೂ ಇತ್ತು. ಒಳಗೆ ಬರಲಿಲ್ಲ.

'ಅಕ್ಕೋರ, ಹುಡುಗ್ಗ ನಾಕ ಅಕ್ಷರ ಬರಲಿ, ಅದು ಖರೇ. ಆದ್ರ ನಿಮ್ಮ ಚರ್ಚಿಗೆ ಒಯ್ದು ಹೆಸರು ಬದ್ಲಿ ಮಾಡ್ತೀರೇನ್ರಿ? ನಮ್ಮ ಮನಿಯವ್ರು ಕೇಳಾಕತ್ತಾರ.'

'ಇಲ್ಲ ತಂಗೀ. ಅವನ ಹೆಸರು ನೀ ಇಟ್ಟದ್ದು. ಅದೇ ಇರ್ತದ.'

ಅಷ್ಟೇ ಮಾತು. ಅಂದಿನಿಂದ ಅವಳು ಒಳಗೆ ಬಂದು ಚಹಾ ಕುಡಿದು ಹೋಗತೊಡಗಿದಳು.

ಮೆಂಟರ್ ಹೊತ್ತು ಧರ್ಮ ಬದಲಿಸುವ ಹೊತ್ತಲ್ಲ. ಮಗು ನಿಮ್ಮನ್ನು ಮೆಚ್ಚಿಸಲು ಏನು ಹೇಳಿದರೂ ಹೂಂ ಅನ್ನುತ್ತದೆ. ಆ ಹೂಂ ಅನ್ನು ನಂಬಿಕೆ ಅಂತ ಎಣಿಸುವುದು ಮಗುವಿಗೂ ಅನ್ಯಾಯ, ದೇವರಿಗೂ ಅನ್ಯಾಯ. ಕಾನೂನೂ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಿಕ್ಷಣ ಸಂಸ್ಥೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂಡಿಸುವಂತಿಲ್ಲ ಅಂತ ಸಂವಿಧಾನದ 28ನೇ ವಿಧಿ ಹೇಳುತ್ತದೆ.

ಹಾಗಾದರೆ ಬಾಯಿ ಹೊಲಿದುಕೊಂಡು ಇರಬೇಕಾ? ಬೇಡ. 'ನೀವು ಯಾವ ದೇವರಿಗೆ ಕೈಮುಗೀತೀರಿ' ಅಂತ ಮಗು ಕೇಳಿದರೆ ನಿಜ ಹೇಳಿ. ಎರಡು ವಾಕ್ಯದಲ್ಲಿ ಹೇಳಿ, ಆಮೇಲೆ ಅವರ ದೇವರ ಬಗ್ಗೆ ಕೇಳಿ. ಮುತ್ತು ಒಂದು ಗಂಟೆ ಹುಲಿಗೆಮ್ಮನ ಜಾತ್ರೆಯ ಬಗ್ಗೆ ಹೇಳಿದ್ದ. ನಾನು ಬೆಟಗೇರಿಯವಳಾಗಿಯೂ ಅಷ್ಟು ತಿಳಿದಿರಲಿಲ್ಲ. ಪ್ರಾರ್ಥನೆಯನ್ನು ಮನೆಯಲ್ಲಿ ಮಾಡಿ, ಹೋಗುವ ಮೊದಲು ಮಾಡಿ, ಬಂದ ಮೇಲೆ ಮಾಡಿ. ಅವರ ತಲೆಯ ಮೇಲೆ ಕೈಯಿಟ್ಟು ಮಾಡಬೇಡಿ. ಕ್ರಿಸ್ಮಸ್ ನಾಟಕಕ್ಕೆ ಕರೆಯಬೇಕು ಅನ್ನಿಸಿದರೆ ಸಂಸ್ಥೆಯ ಅನುಮತಿ, ಅಪ್ಪ ಅವ್ವನ ಬರವಣಿಗೆಯ ಒಪ್ಪಿಗೆ ಎರಡೂ ಬೇಕು. ಬರವಣಿಗೆ ಕನ್ನಡದಲ್ಲಿರಲಿ, ಓದಿ ಹೇಳಿ.

ನಿಮ್ಮ ಸಭೆ ವರ್ಷದ ಕೊನೆಗೆ 'ಎಷ್ಟು ಆತ್ಮಗಳು', ಅಂದರೆ ಎಷ್ಟು ಜನ ನಂಬಿಕೆಗೆ ಬಂದರು, ಅಂತ ಲೆಕ್ಕ ಕೇಳಿದರೆ, 'ನಲವತ್ತೊಂದು ಶನಿವಾರಗಳು' ಅಂತ ಕೊಡಿ. ನಾನು ಹಾಗೇ ಕೊಟ್ಟೆ. ಒಂದು ಕ್ಷಣ ಮೌನ ಇತ್ತು, ಆಮೇಲೆ ಹಾಡು ಹೇಳಿದರು.

ಕೈ, ಫೋನು, ಉಡುಗೊರೆ

ಬಾಗಿಲು ತೆರೆದಿರಲಿ. ಇನ್ನೊಬ್ಬ ದೊಡ್ಡವರಿಗೆ ಕಾಣುವ ಜಾಗದಲ್ಲೇ ಕೂರಿ. ಗಾಡಿಯಲ್ಲಿ ಒಬ್ಬರೇ ಕರೆದೊಯ್ಯಬೇಡಿ, ಮನೆಗೆ ಕರೆಯಬೇಡಿ. ಹೋಟೆಲ್ ರೂಮು, ಲಾಡ್ಜ್ ಅಂತೂ ಕನಸಿನಲ್ಲೂ ಬೇಡ. 2003ರ ಗೋವಾ ಮಕ್ಕಳ ಕಾಯ್ದೆಯ ಪ್ರಕಾರ ಮನೆಯವರ ಜೊತೆಗಲ್ಲದೆ ಮಗುವನ್ನು ಹೋಟೆಲ್ ಕೋಣೆಗೆ ಬಿಡುವ ಹಾಗೇ ಇಲ್ಲ. ಈ ಕಾಯ್ದೆ ಗೋವಾದ್ದೇ, ಬೇರೆ ಕಡೆ ಇದ್ದವರಿಗೆ ಗೊತ್ತಿರುವುದಿಲ್ಲ. ಮಗು ತಾನಾಗಿ ಕೈ ಹಿಡಿದರೆ ಬಿಡಿಸಿಕೊಳ್ಳಬೇಡಿ, ನೀವಾಗಿ ಎಳೆದು ಅಪ್ಪಿಕೊಳ್ಳಬೇಡಿ. ಹೊಡೆಯುವುದು ಬೇಡ, 'ನಮ್ಮ ಕಾಲದಲ್ಲಿ ಮಾಸ್ತರು ಹೊಡೆದೇ ಕಲಿಸಿದ್ದು' ಅನ್ನುವುದೂ ಬೇಡ.

ನಿಮ್ಮ ಫೋನಿನಲ್ಲಿ ಮಗುವಿನ ಫೋಟೊ ಒಂದೂ ಇರಬಾರದು. ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡಬೇಕು ಅನ್ನಿಸಿದರೆ ಕೇಂದ್ರದ ಎಲ್ಲರಿಗೂ ಒಂದೇ ಥರ, ಕೇಂದ್ರದ ಹೆಸರಿನಲ್ಲಿ. ಒಬ್ಬ ಸ್ವಯಂಸೇವಕ ಒಬ್ಬ ಹುಡುಗನಿಗೆ ಮಾತ್ರ ಶೂ ಕೊಡಿಸಿದ. ಎರಡು ದಿನಕ್ಕೆ ಅವು ಕಳುವಾದವು. ಹುಡುಗ ಪೆಟ್ಟೂ ತಿಂದ.

ಮಗು ಏನಾದರೂ ಹೇಳಿಕೊಂಡರೆ

ಇದನ್ನು ನಿಧಾನವಾಗಿ ಓದಿ. ಸಾಧ್ಯವಾದರೆ ಮನೆಯಲ್ಲಿ ಒಬ್ಬರನ್ನು ಕೂಡಿಸಿಕೊಂಡು ಬಾಯಲ್ಲಿ ಹೇಳಿ ಅಭ್ಯಾಸ ಮಾಡಿ.

ಮಗು ಸಾಮಾನ್ಯವಾಗಿ ಎದುರು ಕೂತು ಹೇಳುವುದಿಲ್ಲ. ಕೇರಂ ಆಡುತ್ತ, ಚಪ್ಪಲಿ ಹುಡುಕುತ್ತ, ನೀವು ಹೊರಡುವ ಹೊತ್ತಿಗೆ ಹೇಳುತ್ತದೆ. 'ಅಕ್ಕೋರ, ಯಾರಿಗೂ ಹೇಳಬಾರ್ದು' ಅನ್ನುತ್ತದೆ. ಅಲ್ಲಿ ಮಾತು ಕೊಡಬೇಡಿ. 'ನಿನಗ ತ್ರಾಸ ಆಗೂದಿದ್ರ ಸಹಾಯ ಮಾಡೋರಿಗೆ ಹೇಳಲೇಬೇಕಾಗ್ತದ. ಓಣಿ ತುಂಬ ಹೇಳೂದಿಲ್ಲ' ಅನ್ನಿ. ಆಮೇಲೆ ಕೇಳಿಸಿಕೊಳ್ಳಿ. 'ಅವನು ಹೀಗೆ ಮಾಡಿದನಾ, ಹಾಗೆ ಮಾಡಿದನಾ' ಅಂತ ನೀವೇ ಮಾತು ಬಾಯಿಗೆ ಹಾಕಬೇಡಿ. ಗಾಬರಿಯ ಮುಖ ಮಾಡಬೇಡಿ. 'ನೀ ಹೇಳಿದ್ದು ಛಲೋ ಆತು. ನಿನ್ನ ತಪ್ಪಲ್ಲ ಇದು' ಇಷ್ಟು ಸಾಕು. ಮಗು ಹೋದ ಕೂಡಲೇ ಅದು ಹೇಳಿದ ಮಾತನ್ನು ಅದರ ಮಾತಿನಲ್ಲೇ ಬರೆದಿಡಿ. ಇಲ್ಲಿ ನಿಮ್ಮ ಉತ್ತರ ಕರ್ನಾಟಕದ ಕನ್ನಡ ಬಹಳ ಮುಖ್ಯ. ಮಗು ಬಳಸಿದ ಪದವನ್ನು ಶಿಷ್ಟಗೊಳಿಸಬೇಡಿ, ಹಿಂದಿಗೆ ತಿರುಗಿಸಬೇಡಿ. ದಿನಾಂಕ, ಹೊತ್ತು, ಸಹಿ.

ಅದೇ ದಿನ ಕೇಂದ್ರದ ಜವಾಬ್ದಾರರಿಗೆ ತಿಳಿಸಿ. ಲೈಂಗಿಕ ಅಪರಾಧದ ಅನುಮಾನ ಇದ್ದರೆ 2012ರ ಪೋಕ್ಸೋ ಕಾಯ್ದೆಯ 19ನೇ ಕಲಮು ನಿಮಗೂ ಅನ್ವಯ. ಪೊಲೀಸರಿಗೆ ಅಥವಾ ವಿಶೇಷ ಬಾಲಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. 'ಸಂಸ್ಥೆಯವರು ನೋಡಿಕೊಳ್ಳುತ್ತಾರೆ' ಅಂತ ನಿಮ್ಮ ಹೊಣೆ ಇಳಿಯುವುದಿಲ್ಲ, ತಿಳಿಸಿದ್ದಾರೆ ಅಂತ ಖಾತ್ರಿ ಮಾಡಿಕೊಳ್ಳಿ. ರಾತ್ರಿಯಾದರೂ 1098ಕ್ಕೆ ಫೋನ್ ಮಾಡಬಹುದು. 1996ರಲ್ಲಿ ಮುಂಬೈಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕೆಲಸವಾಗಿ ಶುರುವಾದ ಈ ಮಕ್ಕಳ ಸಹಾಯವಾಣಿಯನ್ನು ಈಗ ಸರ್ಕಾರವೇ ನಡೆಸುತ್ತದೆ. ರಕ್ಷಣೆ ಬೇಕಾದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಉತ್ತರ ಗೋವಾಕ್ಕೊಂದು, ದಕ್ಷಿಣ ಗೋವಾಕ್ಕೊಂದು ಸಮಿತಿ ಇದೆ. ಬಾಲ್ಯವಿವಾಹದ ಸುಳಿವು ಸಿಕ್ಕರೂ ಇದೇ 1098.

ಆರೋಪ ಸಭೆಯವರ ಮೇಲೇ ಬಂದರೆ? ಬಂದರೂ ಇದೇ ದಾರಿ. ಸಭಾಪಾಲಕರ ಕೋಣೆಯಲ್ಲಿ ಕೂತು 'ಮಾತಾಡಿ ಮುಗಿಸೋಣ' ಅನ್ನುವುದು ದಾರಿಯಲ್ಲ. ಕ್ಷಮೆ ಬೇರೆ ವಿಷಯ, ದೂರು ಬೇರೆ ವಿಷಯ.

ನಾನು ತಪ್ಪಿದ ಎರಡು ಶನಿವಾರ

ಎರಡನೇ ವರ್ಷ ಅತ್ತೆಗೆ ಆರಾಮಿಲ್ಲದೆ ಗದಗಕ್ಕೆ ಓಡಿದೆ. ಗಡಿಬಿಡಿಯಲ್ಲಿ ಕೇಂದ್ರಕ್ಕೆ ಫೋನ್ ಮಾಡಲಿಲ್ಲ. ಎರಡು ಶನಿವಾರ ಹೋಯಿತು. ವಾಪಸ್ ಬಂದಾಗ ಮುತ್ತು ಗೇಟಿನ ಹತ್ತಿರವೇ ಇದ್ದ. ನನ್ನನ್ನು ನೋಡಿ ಒಳಗೆ ಹೋದ. ನಾನು ಕೂತ ಚಾಪೆಗೆ ಬರಲಿಲ್ಲ. ಬೇರೆ ಹುಡುಗರು ಹೇಳಿದರು: ಎರಡು ವಾರವೂ ನಾಲ್ಕು ಗಂಟೆಗೆ ಹಳದಿ ಕಾಗದ ಹಿಡಿದು ಕೂತಿದ್ದನಂತೆ.

ಮತ್ತೆ ಮಾತಾಡಿಸಲು ಏಳು ವಾರ ಬೇಕಾಯಿತು. ನಾನು ಕಾರಣ ಹೇಳಲು ಹೋದೆ. ಕೋಆರ್ಡಿನೇಟರ್ ತಡೆದರು. 'ಕಾರಣ ಆಮೇಲೆ. ಮೊದಲು ತಪ್ಪಾಯಿತು ಅನ್ನಿ' ಅಂದರು. ಅಷ್ಟು ಸಣ್ಣ ಹುಡುಗನಿಗೆ ತಪ್ಪಾಯಿತು ಅನ್ನುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಅನ್ನಿಸಿಕೊಳ್ಳುವುದು ಅವನಿಗೂ ಹೊಸದು. ದೊಡ್ಡವರು ಯಾರೂ ಅವನಿಗೆ ಹಾಗೆ ಅಂದಿರಲಿಲ್ಲ.

ಈಗ ನನ್ನ ನಿಯಮ: ಬರಲಾಗದಿದ್ದರೆ ಮುಂಚೆಯೇ ಕೇಂದ್ರಕ್ಕೆ ಫೋನ್, ಕೋಆರ್ಡಿನೇಟರ್ ಬಾಯಿಂದ ಮಗುವಿಗೆ ಸುದ್ದಿ, ಮುಂದಿನ ತಾರೀಖಿನ ಸಮೇತ. ಮಗುವಿನ ಹತ್ತಿರ ಒಂದು ಸಣ್ಣ ಕ್ಯಾಲೆಂಡರ್ ಇರಲಿ, ಪ್ರತಿ ವಾರ ಮಗುವೇ ಗುರುತು ಹಾಕಲಿ.

ಬಿಡುವಾಗ

ಬಿಡುವ ದಿನ ಬಂದೇ ಬರುತ್ತದೆ. ವರ್ಗ ಆಗುತ್ತದೆ, ಮಗುವಿನ ಮನೆಯವರು ಬೇರೆ ಸೈಟಿಗೆ ಹೋಗುತ್ತಾರೆ. ನಿಮ್ಮ ಕಡೆಯಿಂದ ಬಿಡುವುದಾದರೆ ಎರಡು ತಿಂಗಳು ಮುಂಚೆ ಹೇಳಿ. 'ಆಗಾಗ ಬರ್ತೀನಿ' ಅನ್ನಬೇಡಿ, ಖಂಡಿತ ಬರುವುದಾದರೆ ಮಾತ್ರ ಅನ್ನಿ. ಕೊನೆಯ ಎರಡು ವಾರ ಹೊಸ ಮೆಂಟರ್ ನಿಮ್ಮ ಪಕ್ಕದಲ್ಲಿ ಕೂರಲಿ. ಮಗುವಿನ ಖಾಸಗಿ ಸಂಗತಿ ಏನಿದ್ದರೂ ಸಂಸ್ಥೆಯ ಕಡತದಲ್ಲೇ ಉಳಿಯಲಿ, ನಿಮ್ಮ ಬಾಯಿಂದ ಹೊಸಬರಿಗೆ ದಾಟುವುದು ಬೇಡ. ದಿನಬಳಕೆಯ ಸಂಗತಿಯನ್ನು ಒಂದು ಚೀಟಿಯಲ್ಲಿ ಬರೆದುಕೊಡಿ.

ಮುತ್ತುವಿನ ನಂತರ ನನ್ನ ಪಾಲಿಗೆ ಬಂದ ಹುಡುಗಿಯನ್ನು ಹೋದ ವರ್ಷ ಒಬ್ಬ ಹೊಸ ಮೆಂಟರಿಗೆ ಒಪ್ಪಿಸಿದೆ. ಹುಬ್ಬಳ್ಳಿ ಕಡೆಯ ಹುಡುಗಿ, ಇಲ್ಲಿ ನರ್ಸ್. ಚೀಟಿಯಲ್ಲಿ ಹೀಗೆ ಬರೆದಿದ್ದೆ: ಭಾಗಾಕಾರದಲ್ಲಿ ಸೊನ್ನೆ ಬಂದರೆ ತಪ್ಪುತ್ತಾಳೆ. ಓದುವಾಗ ಬೆರಳಿಡುತ್ತಾಳೆ, ತೆಗೆಸಬೇಡಿ. ಹಸಿದಿದ್ದರೆ ಸಿಟ್ಟು ಜಾಸ್ತಿ, ಮೊದಲು ಚಹಾ ಬಿಸ್ಕಿಟ್. ಕೇರಂನಲ್ಲಿ ಮೋಸ ಮಾಡುತ್ತಾಳೆ, ಮೂರು ಸಲ ಕಾಣದವರ ಹಾಗೆ ಇರಿ, ನಾಲ್ಕನೇ ಸಲ ಹಿಡಿಯಿರಿ. ನಾಲ್ಕು ಗಂಟೆ ಅಂದರೆ ನಾಲ್ಕು ಗಂಟೆ, ಅವಳು ಮೂರೂ ಮುಕ್ಕಾಲಿಗೆ ಬಂದು ಗೇಟಿನ ಕಂಬಿ ಹಿಡಿದು ನಿಂತಿರುತ್ತಾಳೆ.